ನೂರಾ ಎಂಬತ್ತು

ಕಸ, ನೆಲ, ಸಂಡಾಸ, ಫ್ಯಾನಿನ ರೆಕ್ಕಿ, ಕಿಟಕಿ ಗಾಜು:
ಒಂಬತ್ತು ವರ್ಷ ನಮ್ಮ ಚೀಟಿ ಮ್ಯಾಲೆ ಇಷ್ಟೇ ಇತ್ತು.
ಡಿಸೆಂಬರ್ ಹತ್ತಿರ ಬಂತಂದ್ರ ಮಡಗಾಂವಿನ ಬೋರ್ಡಾದಾಗ
ಮನಿಮನಿಗೂ ಒಂದೇ ಮಾತು: ಓವನ್ ತೊಳೀತೀರೇನು?
ಇಲ್ಲ ಇಲ್ಲ ಅಂದು ನಾಲಿಗಿ ಸವೀತು.
ಒಂದು ರಾತ್ರಿ ಮಾಲನ್‌ಬಿ ಲೆಕ್ಕದ ವಹಿ ನನ್ನ ಮುಂದ ದೂಡಿ
“ಶಾವಂತ್ರಕ್ಕಾ, ನೀ ಇಲ್ಲ ಅಂದಿದ್ದು ಬರದಿಟ್ಟೀನಿ ನೋಡು,
ಮೂವತ್ತೊಂದು ಸಲ.
ಒಂದಕ್ಕ ಏಳುನೂರು ಹಿಡಿ.”

ಹಿಡಿದೆ.
ಪುಡಿಗೆ ಅರವತ್ತು, ಸ್ಕೂಟರಿನ ಎಣ್ಣಿಗೆ ನಲವತ್ತು,
ರಬ್ಬರ್ ಕೈಚೀಲ ನಾಕು ಮನಿಗೆ ಒಂದು ಜೋಡಿ,
ಹಳೇ ಹಲ್ಲುಜ್ಜೋ ಬ್ರಷ್ಷು ಪುಕ್ಕಟೆ.
“ಎರಡು ತಾಸಿನ ಮೊಣಕಾಲಿಗೆ ಎಷ್ಟು ಹಾಕಿದ್ರಿ?”
ದುರಗವ್ವ ಕೇಳಿದ್ಲು.
ಯಾರೂ ಪೆನ್ನು ಎತ್ತಲಿಲ್ಲ.

ಗುಜರಿಯವನ ಹತ್ರ ಸತ್ತ ಓವನ್ ಒಂದು ತಂದು
ರೂಮಿನ ಮುಂದ ಎಂಟು ದಿನ ತಿಕ್ಕಿ ಕಲಿತ್ವಿ.
ಮಾಲನ್‌ಬಿ ಒಳಗ ತಲಿ ಹಾಕಿ ‘ಓ’ ಅಂದ್ಲು,
ತನ್ನ ದನಿಗೆ ತಾನೇ ಹೆದರಿ ತಲಿ ಬಡಿಸಿಕೊಂಡ್ಲು.

ನಮ್ಮವ್ವನ ಒಲಿ ದಿನಾ ಜಳಕ ಮಾಡತಿತ್ತು.
ಬೂದಿ ತಗದು, ಸಗಣಿ ಸಾರಿಸಿ, ಎರಡು ಗೆರಿ ರಂಗೋಲಿ,
ಆಮ್ಯಾಲೆ ಬೆಂಕಿ.
ಇಲ್ಲಿ ಏಳು ವರ್ಷದ ಜಿಡ್ಡು
ಬಾಗಿಲಾ ಹಾಕ್ಕೊಂಡು ಒಳಗ ಕುಂತದ,
ಬಾಗಿಲಕ್ಕ ಲೇಸಿನ ಅರಿವಿ ಬ್ಯಾರೆ.
ಬೈಬೇಕು ಅನಸ್ತು. ಬೈಲಿಲ್ಲ.
ಅವರೂ ದಿನಾ ಸಾರಿಸಿದ್ರ ನಾವು ಉಣ್ಣೋದೇನು.

ಮೊದಲ ಗಿರಾಕಿ ಎಸ್ಪೆರಾನ್ಸಾ ಬಾಯಿ.
ಹಡಗಿನ ಅಡಿಗಿಯವನಾಗಿದ್ದ ಗಂಡ ತಂದ ಬಿಳೀ ಓವನ್ನು.
ಪುಡಿ ಕಲಸಿ ಬಳದು, ತಾಸು ಬಿಟ್ಟು, ಕೆರೀಲಿಕ್ಕೆ ಹತ್ತಿದ್ವಿ.
ಮೊದಲು ಡಾಂಬರು, ಆಮ್ಯಾಲೆ ಬೆಲ್ಲ, ಆಮ್ಯಾಲೆ ಚಹಾದ ಬಣ್ಣ,
ಬೆಬಿಂಕಾದ ಹಾಂಗ ಪದರಿನ ಕೆಳಗ ಪದರು.
ಕಡೀಕ ಬಿಳುಪು ಕಂಡಾಗ
ನಾವಿಬ್ಬರೂ ಸುಮ್ಮನಾದ್ವಿ, ಕೂಸು ಹುಟ್ಟಿದ ಮನಿಯಾಗಿನ ಹಾಂಗ.

ಅದೇ ಖುಷಿಯಾಗ ದುರಗವ್ವ
ಅದೇ ಅರಿವೀಲೆ ತಿರುಗಣಿಯ ಮಾರಿನೂ ಒರಸಿದ್ಲು.
ಅಂಕಿ ಎಲ್ಲಾ ಅಳಿಸಿ ಹೋದವು.
ನೂರು ಎಲ್ಲಿ, ಇನ್ನೂರು ಎಲ್ಲಿ, ತೊಳದ ಪಾಟಿ.

ಎಸ್ಪೆರಾನ್ಸಾ ಬಾಯಿ ಕನ್ನಡಕ ಏರಿಸಿ ನೋಡಿದ್ಲು, ಇಳಿಸಿ ನೋಡಿದ್ಲು.
ನನ್ನ ಮುರುಕು ಕೊಂಕಣಿ ಗಂಟಲಾಗ ಸಿಕ್ಕೊಂತು.
ಒಳಗ ಹೋದ್ಲು. ಪೊಲೀಸರಿಗೆ ಫೋನು, ಅಂದ್ಕೊಂಡೆ.
ತಂದಿದ್ದು ಕೆಂಪು ಉಗುರು ಬಣ್ಣದ ಶೀಸೆ.
“ಅಳಿಸಿದವರೇ ಬರೀರಿ.”
ಕಣ್ಣು ಮುಚ್ಚಿ ತಿರುಗಣಿ ತಿರುವಿದ್ಲು;
ಐವತ್ತು ವರ್ಷ ತಿರುವಿದ ಕೈ ತಾನೇ ನಿಲ್ಲತಿತ್ತು,
“ಇಲ್ಲಿ ನೂರಾ ಐವತ್ತು. ಇಲ್ಲಿ, ಇಲ್ಲೇ, ನೂರಾ ಎಂಬತ್ತು.”
ನಡುಗೋ ಕೈಲೆ ನಾ ಬರಕೋತ ಹೋದೆ.

ಮುಗಿದ ಮ್ಯಾಲೆ ನೋಡಿದ್ರ
೧೫೦, ೧೮೦, ೨೦೦.
ವಹಿಯಾಗ ದಿನಾ ಬರಿಯೋವೇ ಕೈಗೆ ಬಂದಿದ್ವು.
“ಇದ್ಯಾವ ದೇಶದ ಅಂಕಿ?”
“ಹುನಗುಂದದ್ದು.”
“ಎಂಟು ಎಲ್ಲದ ಇದರಾಗ?”
ತೋರಿಸಿದೆ. ಬಾಲ ಎತ್ತಿದ್ದು.
ಬಾಯಿ ನಕ್ಕಳೋ ಕೆಮ್ಮಿದಳೋ ತಿಳೀಲಿಲ್ಲ.
ಐನೂರು ಕೊಟ್ಟು, ಇನ್ನೂರು ಅಂಕಿಗೆ ಅಂತ ಹಿಡಕೊಂಡ್ಲು.

ಹೊಸಾ ಚೀಟಿ ಅಚ್ಚಾಗಿ ಬಂತು, ಓವನ್ ಏಳುನೂರು, ಇಂಗ್ಲಿಷ್ ಅಂಕಿಯಾಗ.
ಅಚ್ಚಿನವನ ಹತ್ರ ನಮ್ಮವು ಇರಲಿಲ್ಲ.
“ಅಂಕಿ ಹೋದರೆ ಬರೆದು ಕೊಡಲಾಗುವುದು”
ಅಂತ ಕೆಳಗ ಹಾಕಸೂಣು ಅಂದ್ಲು ಮಾಲನ್‌ಬಿ;
ದುರಗವ್ವ ಅಕಿ ಬೆನ್ನಿಗೆ ಒಂದು ಗುದ್ದಿದ್ಲು.

ಕ್ರಿಸ್ಮಸ್ಸಿನ ಮರುದಿನ ಡಬ್ಬಿ ಬಂತು,
ರವಾ ಕೊಬ್ಬರಿ ಕೇಕು.
ತಳ ಒಂಚೂರು ಸೀದಿತ್ತು.
ತಪ್ಪು ಅಕಿ ಕೈಯದೋ, ನನ್ನ ಎಂಟಿನದೋ,
ಕೇಳಲಿಲ್ಲ.
ಸೀದದ್ದನ್ನ ಕೆರದು ತಿಂದ್ವಿ,
ಕೆರಿಯೋದು ಹೆಂಗೂ ಕಲ್ತಿದ್ವಲ್ಲ.